ಮೇಲಿನ ಮನೆ ಟಿವಿಯಲ್ಲಿ ನಮ್ಮ ಆಧಾರ್ ಕಾರ್ಡ್: ನ್ಯಾಸ್ ಹಾಕಿಸುವವರು ಓದಿ

ಮನೆಗೆ ನ್ಯಾಸ್ (ವೈಫೈ ಮೂಲಕ ಮನೆಯವರೆಲ್ಲ ಬಳಸುವ ಹಾರ್ಡ್ ಡಿಸ್ಕ್ ಪೆಟ್ಟಿಗೆ) ಹಾಕಿಸಿ, ಅದರಲ್ಲೇ ಮೀಡಿಯಾ ಸರ್ವರ್ (ಅದರಲ್ಲಿರುವ ಸಿನಿಮಾ, ಹಾಡು, ಫೋಟೋಗಳನ್ನು ಟಿವಿ, ಫೋನ್‌ಗಳಿಗೆ ಕಳಿಸುವ ಸಾಫ್ಟ್‌ವೇರ್) ಕೂಡ ಓಡಿಸುತ್ತಿರುವವರಿಗೆ ಈ ಬರಹ. ಸೆಟಪ್ ಮಾಡಲು ಬಂದವರು "777 ಕೊಟ್ಟುಬಿಡೋಣ ಸರ್" ಅಂದರೆ, ಅಂದರೆ ಯಾರು ಬೇಕಾದರೂ ಓದುವ, ಬರೆಯುವ ಪರ್ಮಿಷನ್ ಕೊಡಲು ಹೊರಟರೆ, ಅಲ್ಲೇ ತಡೆಯಿರಿ. ಸ್ಕ್ರೀನಿನಲ್ಲಿ "ಎವ್ರಿವನ್" ಎದುರಿಗೆ "ರೀಡ್/ರೈಟ್" ಟಿಕ್ ಮಾಡಿದರೂ ಅಷ್ಟೇ, ತಡೆಯಿರಿ. ನಮ್ಮ ಮನೆಯಲ್ಲಿ ಇದನ್ನು ನಮಗೆ ಹೇಳದೆಯೇ ಮಾಡಿ ಹೋಗಿದ್ದರು.

ನಮ್ಮದು ಮೈಸೂರಿನ ಕುವೆಂಪುನಗರ. ಕೆಳಗೆ ನಾವು, ಮೇಲೆ ಬಾಡಿಗೆಗೆ ಕಾಲೇಜು ಹುಡುಗರು. ಇಂಟರ್ನೆಟ್ ಕನೆಕ್ಷನ್ ಒಂದೇ, ವೈಫೈ ಪಾಸ್‌ವರ್ಡೂ ಒಂದೇ. ಈ ಕಡೆ ಬಹಳ ಮನೆಗಳಲ್ಲಿ ಹೀಗೇ ಅಲ್ವಾ? ಫೋನ್‌ಗಳ ಫೋಟೋ ಬ್ಯಾಕಪ್ ಆಗಲಿ, ತಮ್ಮನ ಮದುವೆ ವಿಡಿಯೊ ಒಂದು ಕಡೆ ಇರಲಿ, ಅಪ್ಪ ಟಿವಿಯಲ್ಲಿ ಹಳೆ ಸಿನಿಮಾ ನೋಡಲಿ ಅಂತ ನ್ಯಾಸ್ ತಂದೆವು. ಮನೆಯಲ್ಲಿ ಪ್ರತಿಯೊಬ್ಬರಿಗೂ ಬೇರೆ ಯೂಸರ್, ಬೇರೆ ಪಾಸ್‌ವರ್ಡ್ ಇರಬೇಕು ಅಂತ ಅಂಗಡಿಯವರಿಗೆ ಮೊದಲೇ ಹೇಳಿದ್ದೆ. ಹಾಗೇ ಮಾಡಿಯೂ ಕೊಟ್ಟರು.

ಒಂದು ಭಾನುವಾರ ಮೇಲಿನ ಮನೆ ಹುಡುಗ ಇಳಿದು ಬಂದ. "ಅಂಕಲ್, ಬೇಜಾರು ಮಾಡ್ಕೋಬೇಡಿ, ಒಂದ್ಸಲ ಮೇಲೆ ಬಂದು ನೋಡಿ" ಅಂದ. ಹೋಗಿ ನೋಡಿದರೆ ಅವರ ಟಿವಿಯ ಸೋರ್ಸ್ ಪಟ್ಟಿಯಲ್ಲಿ ಎಚ್‌ಡಿಎಂಐ ಕೆಳಗೆ ನಮ್ಮ ನ್ಯಾಸ್ ಹೆಸರು. ಪಾಸ್‌ವರ್ಡ್ ಕೇಳಲಿಲ್ಲ, ಏನೂ ಇಲ್ಲ. ಒತ್ತಿದರೆ ತೆರೆಯಿತು. ತಮ್ಮನ ಹೆಂಡತಿಯ ಸೀಮಂತದ ಫೋಟೋ. ಮಗುವಿಗೆ ಎಣ್ಣೆ ಹಚ್ಚುತ್ತಿರುವ ಫೋಟೋ. ಮುಂದೆ ಹೋದರೆ ಅಪ್ಪನ ಆಧಾರ್, ನನ್ನ ಪಾನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಸೈಟಿನ ಕ್ರಯಪತ್ರ ಪುಟ ಪುಟವಾಗಿ. ನನಗೆ ಬೆವರು ಬಂತು.

ಕಾಗದಪತ್ರ ಅಲ್ಲಿಗೆ ಹೇಗೆ ಬಂತು ಅಂದರೆ, ನಾವೆಲ್ಲ ಮಾಡುವುದು ಅದನ್ನೇ: ಯಾರೋ ಆಧಾರ್ ಕೇಳುತ್ತಾರೆ, ಫೋನಿನಲ್ಲಿ ಫೋಟೋ ಹೊಡೆದು ವಾಟ್ಸಾಪ್‌ನಲ್ಲಿ ಕಳಿಸುತ್ತೇವೆ. ಆ ಫೋಟೋ ಬ್ಯಾಕಪ್ ಜೊತೆಗೆ ನ್ಯಾಸ್‌ಗೆ ಹೋಗುತ್ತದೆ. ಮೀಡಿಯಾ ಸರ್ವರ್‌ಗೆ ಅದು ಊಟಿಯ ಫೋಟೋ ತರಹವೇ ಇನ್ನೊಂದು ಜೆಪೆಗ್. ಮೀಡಿಯಾ ಸರ್ವರ್‌ನಿಂದ ಟಿವಿ ಇವನ್ನು ತರಿಸಿಕೊಳ್ಳುವ ಡಿಎಲ್‌ಎನ್‌ಎ ಅನ್ನುವ ವ್ಯವಸ್ಥೆ ಚಿತ್ರ, ಹಾಡು, ವಿಡಿಯೊ ಮಾತ್ರ ತೋರಿಸುತ್ತದೆ. ಹಾಗಾಗಿ ಪಿಡಿಎಫ್ ಮಾಡಿಟ್ಟ ಕಾಗದಗಳು ಕಾಣಲಿಲ್ಲ, ಫೋನಿನಲ್ಲಿ ಹೊಡೆದವೆಲ್ಲ ಕಂಡವು.

ಹುಡುಗ ಒಳ್ಳೆಯವನು, ಬಂದು ಹೇಳಿದ. ಅವನಿಗಿಂತ ಮುಂಚೆ ಇದ್ದ ಬಾಡಿಗೆಯವರು ನೋಡಿದ್ದರೋ ಇಲ್ಲವೋ, ಯಾರನ್ನು ಕೇಳೋಣ?

ಮಂಡ್ಯದಲ್ಲಿರುವ ನನ್ನ ಭಾವಮೈದ ಲಿನಕ್ಸ್ ಸರ್ವರ್ ನೋಡಿಕೊಳ್ಳುವ ಕೆಲಸದವನು. ಫೋನಿನಲ್ಲಿ ಕೇಳಿಸಿಕೊಂಡವನೇ, "ಭಾವ, ನಿಮ್ಮ ಪಾಸ್‌ವರ್ಡ್ ಕೆಲಸ ಮಾಡೋದು ಕಂಪ್ಯೂಟರಿಂದ ಶೇರ್ಡ್ ಫೋಲ್ಡರ್ ತೆಗೆದಾಗ. ಟಿವಿ ಆ ದಾರಿಯಲ್ಲಿ ಬರೋದೇ ಇಲ್ಲ" ಅಂದ. ಮುಂದಿನ ವಾರ ತಾನೇ ಬಂದು ಕೂತು ಎಲ್ಲವನ್ನೂ ತೋರಿಸಿದ.

ಜನ ತಪ್ಪು ತಿಳಿದುಕೊಳ್ಳುವುದು ಇಲ್ಲೇ. ನ್ಯಾಸ್‌ನಲ್ಲಿ ಮೀಡಿಯಾ ಸರ್ವರ್ ಕೂಡ ಒಬ್ಬ ಯೂಸರ್. ನಿಮ್ಮ ಹೆಸರಿನಲ್ಲಿ ಅಲ್ಲ, ತನ್ನದೇ ಹೆಸರಿನಲ್ಲಿ ಓಡುತ್ತದೆ. ಆ ಯೂಸರ್‌ಗೆ ಯಾವ ಫೋಲ್ಡರ್ ಓದಲು ಅನುಮತಿ ಇದೆಯೋ ಅದನ್ನೆಲ್ಲ ಓದಿಕೊಳ್ಳುತ್ತದೆ, ಕೇಳಿದ ಟಿವಿಗೆ ಕೊಡುತ್ತದೆ. ಡಿಎಲ್‌ಎನ್‌ಎಯಲ್ಲಿ ಲಾಗಿನ್ ಅನ್ನುವುದೇ ಇಲ್ಲ. ಮದುವೆ ಊಟದಲ್ಲಿ ಬಡಿಸುವವನು ನೀವು ಹೆಣ್ಣಿನ ಕಡೆಯವರೋ ಗಂಡಿನ ಕಡೆಯವರೋ ಅಂತ ಕೇಳುತ್ತಾನಾ? ಬಕೆಟ್‌ನಲ್ಲಿ ಇದ್ದದ್ದನ್ನು ಎಲ್ಲರ ಎಲೆಗೂ ಹಾಕುತ್ತಾ ಹೋಗುತ್ತಾನೆ. ಅವನ ಬಕೆಟ್‌ಗೆ ಏನು ತುಂಬಿದ್ದೀರಿ ಅನ್ನುವುದಷ್ಟೇ ನಿಮ್ಮ ಕೈಯಲ್ಲಿರುವುದು.

ನಮ್ಮ ಮನೆಯಲ್ಲಿ ತುಂಬಿದ್ದು ಹೀಗೆ. ಸೆಟಪ್ ದಿನ ಸಿನಿಮಾ ಫೋಲ್ಡರ್ ಟಿವಿಯಲ್ಲಿ ಖಾಲಿ ಕಾಣಿಸುತ್ತಿತ್ತು. ಫೋಲ್ಡರ್ ನನ್ನ ಹೆಸರಿನಲ್ಲಿ, 700 ಪರ್ಮಿಷನ್‌ನಲ್ಲಿ ಇತ್ತು. ಓದುವುದಕ್ಕೆ 4, ಬರೆಯುವುದಕ್ಕೆ 2, ಫೋಲ್ಡರ್ ಒಳಗೆ ಹೋಗುವುದಕ್ಕೆ 1, ಮೂರೂ ಸೇರಿದರೆ 7. ಮೊದಲ ಅಂಕಿ ಮಾಲೀಕನದು, ಎರಡನೆಯದು ಗುಂಪಿನದು, ಮೂರನೆಯದು ಉಳಿದ ಎಲ್ಲರದು. 700 ಅಂದರೆ ನನಗೆ ಮಾತ್ರ, ಮೀಡಿಯಾ ಸರ್ವರ್‌ಗೆ ಸೊನ್ನೆ. ಫೈಲಿಗೆ ಅನುಮತಿ ಇದ್ದರೂ ಅದರ ಮೇಲಿನ ಯಾವುದೋ ಒಂದು ಫೋಲ್ಡರ್‌ಗೆ ಆ 1 ಇಲ್ಲದಿದ್ದರೆ ಮೀಡಿಯಾ ಸರ್ವರ್ ತೋರಿಸುವ ಪಟ್ಟಿ, ಅಂದರೆ ಲೈಬ್ರರಿ, ಖಾಲಿಯೇ. ಸರ್ವರ್‌ನ ಯೂಸರ್‌ಗೆ ಸಿನಿಮಾ ಫೋಲ್ಡರ್ ಒಂದನ್ನು ಓದಲು ಬಿಟ್ಟಿದ್ದರೆ ಮುಗಿಯುತ್ತಿತ್ತು. ಬಂದಿದ್ದ ಹುಡುಗ ಅದನ್ನು ಹುಡುಕುವ ಗೋಜಿಗೆ ಹೋಗದೆ ಇಡೀ ಡಿಸ್ಕಿಗೆ 777 ಹೊಡೆದು, ಲೈಬ್ರರಿಗೂ ಎಲ್ಲಕ್ಕಿಂತ ಮೇಲಿನ ಫೋಲ್ಡರನ್ನೇ ಸೇರಿಸಿ ಹೋಗಿದ್ದ. ಸಿನಿಮಾ ಕಂಡಿತು, ನಾವು ದುಡ್ಡು ಕೊಟ್ಟೆವು.

777ರಲ್ಲಿ ಇನ್ನೊಂದು ಅಪಾಯ ಇದೆ, ಅದನ್ನೂ ಅನುಭವಿಸಿ ಆಗಿದೆ. ದಸರಾಗೆ ಮನೆ ತುಂಬ ನೆಂಟರು. ಫೋನಿನಲ್ಲಿ ಸಿನಿಮಾ ನೋಡಲು ಅದೇ ನ್ಯಾಸ್‌ನಲ್ಲಿ ಜೆಲ್ಲಿಫಿನ್ ಅನ್ನುವ ಇನ್ನೊಂದು ಮೀಡಿಯಾ ಸರ್ವರ್ ಕೂಡ ಅಂಗಡಿಯವರು ಹಾಕಿಕೊಟ್ಟಿದ್ದರು. ಅಕೌಂಟ್ ಒಂದೇ, ಅದೂ ಅಡ್ಮಿನ್, ಎಲ್ಲರೂ ಅದರಲ್ಲೇ. ಜೆಲ್ಲಿಫಿನ್‌ನಲ್ಲಿ ಮೊದಲು ಮಾಡುವ ಅಡ್ಮಿನ್ ಅಕೌಂಟ್‌ಗೆ ಫೈಲ್ ಅಳಿಸುವ ಅಧಿಕಾರವೂ ಸೇರಿಯೇ ಬರುತ್ತದೆ. ಯಾವುದೋ ಮಗು ಫೋನ್ ಹಿಡಿದು ಏನೋ ಒತ್ತಿದೆ. ಮದುವೆ ವಿಡಿಯೊದಲ್ಲಿ ಧಾರೆಯ ಭಾಗ ಹೋಯಿತು. ನಮ್ಮ ನ್ಯಾಸ್ ಓಡುವ ಲಿನಕ್ಸ್‌ನಲ್ಲಿ ಫೈಲ್ ಅಳಿಸಲು ಆ ಫೈಲಿನ ಮೇಲೆ ಬರೆಯುವ ಅನುಮತಿ ಬೇಕಿಲ್ಲ, ಅದು ಇರುವ ಫೋಲ್ಡರ್ ಮೇಲೆ ಇದ್ದರೆ ಸಾಕು; 777 ಅದನ್ನು ಜೆಲ್ಲಿಫಿನ್‌ಗೂ ಕೊಟ್ಟಿತ್ತು. ನ್ಯಾಸ್‌ನ ರೀಸೈಕಲ್ ಬಿನ್‌ನಲ್ಲೂ ಇರಲಿಲ್ಲ. ಕಂಪ್ಯೂಟರಿಂದ ಶೇರ್ಡ್ ಫೋಲ್ಡರ್ ಮೂಲಕ ಅಳಿಸಿದ್ದು ಅಲ್ಲಿಗೆ ಹೋಗುತ್ತದೆ. ಸರ್ವರ್ ಒಳಗಿನಿಂದಲೇ ಅಳಿಸಿದ್ದು ನಮ್ಮಲ್ಲಿ ನೇರವಾಗಿ ಮಾಯ.

ಅಂಗಡಿಗೆ ಹೋಗಿ ಕೇಳಿದೆ. "ಎಲ್ಲರ ಮನೆಗೂ ಹೀಗೇ ಹಾಕಿಕೊಡೋದು ಸರ್, ಇಲ್ಲೀವರೆಗೂ ಯಾರೂ ಕಂಪ್ಲೇಂಟ್ ಮಾಡಿಲ್ಲ" ಅಂದರು. ವಿಡಿಯೊ ಹೋದದ್ದಕ್ಕಿಂತ ಈ ಮಾತಿಗೇ ನನಗೆ ಜಾಸ್ತಿ ಗಾಬರಿಯಾಯಿತು. ಅಂದರೆ ಊರಲ್ಲಿ ಇನ್ನೂ ಎಷ್ಟೋ ಮನೆ ಹೀಗೇ ಇದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿರುವುದು.

ಈಗ ಭಾವಮೈದ ಮಾಡಿಕೊಟ್ಟಿರುವುದು ಇಷ್ಟು. ಸಿನಿಮಾ, ಹಾಡು ಬೇರೆ ಶೇರ್ಡ್ ಫೋಲ್ಡರ್‌ನಲ್ಲಿ. ಮೀಡಿಯಾ ಸರ್ವರ್‌ಗೆ ಅದೊಂದೇ ಕಾಣುತ್ತದೆ, ಓದಲು ಮಾತ್ರ. ಫೋನ್ ಬ್ಯಾಕಪ್ ಫೋಲ್ಡರ್‌ಗೆ ಅದರ ಪ್ರವೇಶವೇ ಇಲ್ಲ. ಡಿಎಲ್‌ಎನ್‌ಎ ಪೂರ್ತಿ ಆಫ್. ಜೆಲ್ಲಿಫಿನ್‌ನಲ್ಲಿ ಒಬ್ಬೊಬ್ಬರಿಗೂ ಬೇರೆ ಅಕೌಂಟ್, ಅಳಿಸುವ ಅಧಿಕಾರ ಯಾರಿಗೂ ಇಲ್ಲ. ಮದುವೆ ವಿಡಿಯೊದಲ್ಲಿ ಉಳಿದದ್ದಕ್ಕೆ ಬೇರೆ ಹಾರ್ಡ್ ಡಿಸ್ಕಿನಲ್ಲಿ ಇನ್ನೊಂದು ಕಾಪಿ. ಪರ್ಮಿಷನ್ ಎಷ್ಟೇ ಬಿಗಿ ಮಾಡಿದರೂ ಅದು ಬ್ಯಾಕಪ್ ಆಗುವುದಿಲ್ಲ. ಮೇಲಿನ ಮನೆಗೂ ನೆಂಟರಿಗೂ ರೂಟರ್‌ನಲ್ಲಿ ಗೆಸ್ಟ್ ವೈಫೈ. ಅದರಲ್ಲಿ ಇಂಟರ್ನೆಟ್ ಸಿಗುತ್ತದೆ, ನ್ಯಾಸ್ ಸಿಗುವುದಿಲ್ಲ.

ಸಿನಾಲಜಿ ಕಂಪನಿಯ ನ್ಯಾಸ್ ಇಟ್ಟುಕೊಂಡವರಿಗೆ ಒಂದು ಮಾತು. ಅದನ್ನು ನಡೆಸುವ ಸಾಫ್ಟ್‌ವೇರ್ ಡಿಎಸ್‌ಎಂ; 2021ರಲ್ಲಿ ಬಂದ ಡಿಎಸ್‌ಎಂ 7ರಿಂದ ಪ್ಲೆಕ್ಸ್‌ನಂಥ ಮೀಡಿಯಾ ಸರ್ವರ್ ಆ್ಯಪ್‌ಗಳು ತಮ್ಮದೇ ಯೂಸರ್ ಹೆಸರಿನಲ್ಲಿ ಓಡುತ್ತವೆ. ಶೇರ್ಡ್ ಫೋಲ್ಡರ್‌ನ ಪರ್ಮಿಷನ್ ಪುಟ ತೆರೆದರೆ ಮನೆಯವರ ಹೆಸರಷ್ಟೇ ಕಾಣುತ್ತದೆ. ಮೇಲಿರುವ ಪಟ್ಟಿಯಲ್ಲಿ "ಸಿಸ್ಟಮ್ ಇಂಟರ್ನಲ್ ಯೂಸರ್" ಆರಿಸಿಕೊಂಡರೆ ಆ ಹೆಸರು ಸಿಗುತ್ತದೆ. ಅಲ್ಲಿ "ರೀಡ್ ಓನ್ಲಿ" ಕೊಟ್ಟರೆ ಸಾಕು. ಇದು ಗೊತ್ತಿಲ್ಲದವರು ಹೆಸರು ಸಿಗಲಿಲ್ಲ ಅಂತ ಎಲ್ಲರಿಗೂ ತೆರೆದಿಡುತ್ತಾರೆ.

ನಿಮ್ಮ ಮನೆಯದು ಹೇಗಿದೆ ಅಂತ ನೋಡಲು ಯಾರನ್ನೂ ಕರೆಸಬೇಕಿಲ್ಲ. ನ್ಯಾಸ್‌ನ ಯಾವ ಆ್ಯಪ್ಪೂ, ಲಾಗಿನ್ನೂ ಇಲ್ಲದ ಒಂದು ಫೋನ್ ತೆಗೆದುಕೊಂಡು ಮನೆ ವೈಫೈಗೆ ಸೇರಿಸಿ. ವಿಎಲ್‌ಸಿ ಅನ್ನುವ ವಿಡಿಯೊ ಪ್ಲೇಯರ್ ಆ್ಯಪ್ ಹಾಕಿ, ಬ್ರೌಸ್‌ನಲ್ಲಿ ಲೋಕಲ್ ನೆಟ್‌ವರ್ಕ್ ತೆರೆಯಿರಿ. ಪಾಸ್‌ವರ್ಡ್ ಕೇಳದೆ ನಿಮ್ಮ ನ್ಯಾಸ್ ತೆರೆದುಕೊಂಡರೆ, ಒಳಗೆ ಏನೇನು ಕಾಣುತ್ತಿದೆ ಅಂತ ಒಂದೊಂದಾಗಿ ನೋಡಿ. ಅಷ್ಟೂ ನಿಮ್ಮ ವೈಫೈ ಪಾಸ್‌ವರ್ಡ್ ಗೊತ್ತಿರುವವರಿಗೆಲ್ಲ ಕಾಣುತ್ತಿದೆ.