ಕರಡು ತಿದ್ದುವವರ ಮೇಜಿನ ಮೇಲೆ ‘ಅಲರ್’

ಪತ್ರಿಕೆಯ ಡೆಸ್ಕಿನಲ್ಲಾಗಲಿ, ಪುಸ್ತಕ ಪ್ರಕಾಶಕರ ಬಳಿಯಾಗಲಿ ಕರಡು ತಿದ್ದುವ ಕೆಲಸ ಮಾಡುವವರಿಗೆ ನಿಘಂಟು ದಿನವಿಡೀ ಕೈಗೆ ಸಿಗುವಂತಿರಬೇಕು. ಈ ಕೆಲಸದಲ್ಲಿ ಹಲವು ವರ್ಷಗಳಿಂದ ತೊಡಗಿರುವ ನಾನು ಈಗ ಎಲ್ಲಕ್ಕಿಂತ ಹೆಚ್ಚಾಗಿ ಬಳಸುತ್ತಿರುವುದು ‘ಅಲರ್’ ಎಂಬ ಅಂತರಜಾಲ ನಿಘಂಟನ್ನು. ಅಲರ್ ಡಾಟ್ ಇಂಕ್ ಎಂಬ ವಿಳಾಸದಲ್ಲಿರುವ ಈ ಕನ್ನಡ–ಇಂಗ್ಲಿಷ್ ನಿಘಂಟು ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಪದಭಂಡಾರ. 1,50,000ಕ್ಕೂ ಹೆಚ್ಚು ಕನ್ನಡ ಪದಗಳೂ ಅವುಗಳಿಗೆ 2,40,000ಕ್ಕೂ ಹೆಚ್ಚು ಇಂಗ್ಲಿಷ್ ಅರ್ಥಗಳೂ ಇದರಲ್ಲಿವೆ. 2019ರಲ್ಲಿ ಕೈಲಾಶ್ ನಾಧ್ ಅವರು ರೂಪಿಸಿದ ತಂತ್ರಾಂಶದ ನೆರವಿನಿಂದ ಇದು ಸಾರ್ವಜನಿಕರಿಗೆ ದೊರೆಯಿತು. ಬಳಸಲು ಹಣ ಕೊಡಬೇಕಿಲ್ಲ, ಖಾತೆ ತೆರೆಯಬೇಕಿಲ್ಲ. ಕರಡು ತಿದ್ದುವ ಕೆಲಸಕ್ಕೆ ಇದು ಎಷ್ಟು ಒದಗುತ್ತದೆ ಎಂಬುದನ್ನು ಹೇಳುವುದರ ಜೊತೆಗೆ, ಆ ಕೆಲಸದೊಳಗಿನ ನಗು ಮತ್ತು ಪದಗಳ ಆಟಕ್ಕೆ ಇದು ಎಷ್ಟು ಇಂಬು ಕೊಡುತ್ತದೆ ಎಂಬುದನ್ನೂ ಇಲ್ಲಿ ಹೇಳಬೇಕೆಂದಿದ್ದೇನೆ. ಏಕೆಂದರೆ ನನ್ನ ಮಟ್ಟಿಗೆ ಇದರ ದೊಡ್ಡ ಗುಣವೇ ಅದು.

ಮೊದಲು ತಪ್ಪುಗಳ ವಿಷಯ. ಕನ್ನಡದ ಕರಡಿನಲ್ಲಿ ನಗು ತರಿಸುವ ತಪ್ಪುಗಳು ಬಹುಮಟ್ಟಿಗೆ ಒಂದೇ ಅಕ್ಷರದ ತಪ್ಪುಗಳು. ಮದುವೆಯ ಕರೆಯೋಲೆಯಲ್ಲಿ ‘ವಧೂವರರನ್ನು ಹರಸಲು ಬನ್ನಿ’ ಎಂದಿರಬೇಕಾದಲ್ಲಿ ಹಕಾರ ಬಿದ್ದುಹೋದರೆ ಬಂಧುಬಳಗವೆಲ್ಲ ಮಂಟಪಕ್ಕೆ ಬಂದು ವಧೂವರರನ್ನು ‘ಅರಸಲು’ ತೊಡಗಬೇಕಾಗುತ್ತದೆ. ಸಂಘಸಂಸ್ಥೆಯ ವರದಿಯಲ್ಲಿ ‘ಧನಸಹಾಯ’ದ ಮಹಾಪ್ರಾಣ ಹೋದರೆ ಬಡ ವಿದ್ಯಾರ್ಥಿಗೆ ದನವೊಂದು ಸಿಕ್ಕಂತಾಗುತ್ತದೆ. ಅಂಗಡಿಯ ಜಾಹೀರಾತಿನಲ್ಲಿ ‘ಚಿನ್ನ ಕೊಳ್ಳುವವರಿಗೆ ರಿಯಾಯಿತಿ’ ಎಂಬುದರ ಳಕಾರ ಲಕಾರವಾದರೆ ಆಗುವ ಅನಾಹುತವನ್ನು ಬಿಡಿಸಿ ಹೇಳಬೇಕಿಲ್ಲ. ಹಿಂದಿನವರು ಇಂಥದ್ದನ್ನೆಲ್ಲ ಮುದ್ರಾರಾಕ್ಷಸನ ಹಾವಳಿ ಎಂದು ಹೇಳಿ, ಪುಸ್ತಕದ ಕೊನೆಯಲ್ಲಿ ಒಪ್ಪೋಲೆ, ಅಂದರೆ ತಪ್ಪುಒಪ್ಪುಗಳ ಪಟ್ಟಿ, ಅಂಟಿಸಿ ಮುಂದೆ ಸಾಗುತ್ತಿದ್ದರು. ಈ ತಪ್ಪುಗಳಲ್ಲಿ ಇರುವ ನಿಜವಾದ ತೊಡಕೆಂದರೆ, ಅರಸು, ದನ, ಕೊಲ್ಲು ಇವೆಲ್ಲವೂ ಅಪ್ಪಟ ಕನ್ನಡದ, ಸರಿಯಾದ ಕಾಗುಣಿತದ ಪದಗಳು. ಪದವನ್ನು ಪಟ್ಟಿಯಲ್ಲಿ ಹುಡುಕಿ, ಇದ್ದರೆ ಸರಿ, ಇಲ್ಲದಿದ್ದರೆ ತಪ್ಪು ಎಂದು ಕೆಂಪು ಗೆರೆ ಎಳೆಯುವ ತಂತ್ರಾಂಶಕ್ಕೆ ಇವು ಎಂದೂ ಸಿಕ್ಕಿಬೀಳುವುದಿಲ್ಲ. ವಾಕ್ಯವನ್ನು ಓದಿ ಅರ್ಥ ಮಾಡಿಕೊಳ್ಳುವ ಕಣ್ಣೇ ಬೇಕು, ಆ ಕಣ್ಣಿಗೆ ಅನುಮಾನ ಬಂದಾಗ ಕೇಳಿನೋಡಲು ಒಳ್ಳೆಯ ನಿಘಂಟೂ ಬೇಕು.

ಅಲರ್‌ನ ಹುಡುಕಾಟದ ವ್ಯವಸ್ಥೆ ಇಲ್ಲಿಯೇ ಮೆಚ್ಚುಗೆಯಾಗುವುದು. ಇದು ಪದದ ಬರಹವನ್ನು ಮಾತ್ರ ಹೋಲಿಸದೆ ಉಚ್ಚಾರಣೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಕೆಎನ್‌ಫೋನ್ ಎಂಬ ಕ್ರಮವಿಧಿಯು ಪ್ರತಿಯೊಂದು ಕನ್ನಡ ಪದಕ್ಕೂ ಅದರ ಧ್ವನಿಯನ್ನು ಆಧರಿಸಿ ಮೂರು ಸಂಕೇತಗಳನ್ನು ಕೊಡುತ್ತದೆ. ಒಂದು ಸಂಕೇತ ಸಡಿಲವಾಗಿದ್ದು ಅಲ್ಪಪ್ರಾಣ ಮಹಾಪ್ರಾಣಗಳಂಥ ಭೇದವನ್ನು ಬದಿಗಿಟ್ಟು ನೋಡಿದರೆ, ಉಳಿದೆರಡು ಹಂತ ಹಂತವಾಗಿ ಬಿಗಿಯಾಗುತ್ತ ಹೋಗುತ್ತವೆ. ಹೀಗಾಗಿ ಕಾಗುಣಿತ ಗೊತ್ತಿಲ್ಲದೆ ಹುಡುಕಲು ಬಂದವರನ್ನು ಈ ನಿಘಂಟು ಬರಿಗೈಯಲ್ಲಿ ಕಳಿಸುವುದಿಲ್ಲ. ಕಾಗುಣಿತ ತಿಳಿಯಲೆಂದೇ ನಿಘಂಟು ತೆರೆಯುವವರಿಗೆ ಕಾಗುಣಿತ ತಿಳಿದಿದ್ದರೆ ಮಾತ್ರ ಪದ ಸಿಗುತ್ತದೆ ಎಂಬುದು ಅಚ್ಚಿನ ನಿಘಂಟುಗಳ ಹಳೆಯ ಬಿಕ್ಕಟ್ಟು. ಇಲ್ಲಿ ಆ ಬಿಕ್ಕಟ್ಟು ಬಹುಪಾಲು ಕರಗಿದೆ. ಧ್ವನಿಯಲ್ಲಿ ಹತ್ತಿರದ ಪದಗಳು ಅಕ್ಕಪಕ್ಕದಲ್ಲಿ ಕಾಣಿಸಿಕೊಳ್ಳುವುದರಿಂದ, ಯಾವ ಅಕ್ಷರ ಜಾರಿದರೆ ಯಾವ ಪದ ಹುಟ್ಟುತ್ತದೆ ಎಂಬ ಎಚ್ಚರವೂ ತಿದ್ದುವವರಲ್ಲಿ ಬೆಳೆಯುತ್ತದೆ.

ಆದರೆ ಕೆಲಸ ಮುಗಿದ ಮೇಲೂ ನಾನು ಈ ಪುಟವನ್ನು ಮುಚ್ಚದೆ ಕೂರುವುದು ಶ್ಲೇಷೆಯ ಆಸೆಯಿಂದ. ‘ಕರಿ’ ಎಂದರೆ ಕಪ್ಪು, ಆನೆ, ಎಣ್ಣೆಯಲ್ಲಿ ಬೇಯಿಸುವ ಕ್ರಿಯೆ. ‘ಹರಿ’ ಎಂದರೆ ವಿಷ್ಣು, ಸಿಂಹ, ಕುದುರೆ, ಕಪಿ. ನೀರು ಹರಿಯುವುದೂ ಬಟ್ಟೆ ಹರಿಯುವುದೂ ಅದೇ. ‘ಮುತ್ತು’ ಕಡಲಿನದೂ ಹೌದು, ತುಟಿಯದೂ ಹೌದು, ಶತ್ರುಸೈನ್ಯ ಕೋಟೆಯನ್ನು ಮುತ್ತುವುದೂ ಹೌದು. ಒಂದೇ ಪದದ ಕೆಳಗೆ ಇಷ್ಟು ಅರ್ಥಗಳು ಸಾಲಾಗಿ ನಿಂತಿರುವುದನ್ನು ನೋಡುವುದೇ ತಲೆಬರಹ ಬರೆಯುವವರಿಗೆ ದೊಡ್ಡ ಸಂಪತ್ತು. ‘ಆಳಾಗಿ ದುಡಿ, ಅರಸಾಗಿ ಉಣ್ಣು’ ಎಂಬ ಗಾದೆಯನ್ನೇ ತೆಗೆದುಕೊಳ್ಳಿ. ದುಡಿಯುವವನು ಆಳು, ರಾಜ್ಯವನ್ನು ಆಳುವುದಕ್ಕೂ ಅದೇ ಪದ. ಉಣ್ಣುವವನು ಅರಸು, ಅನ್ನವನ್ನು ಅರಸುವುದಕ್ಕೂ ಅದೇ ಪದ. ಗಾದೆ ಹೇಳಿದವರ ಮನಸ್ಸಿನಲ್ಲಿ ಈ ಹೆಣಿಗೆ ಇತ್ತೋ ಇಲ್ಲವೋ, ನಿಘಂಟಿನಲ್ಲಿ ಎರಡೂ ಪದಗಳನ್ನು ಬಿಡಿಸಿ ನೋಡಿದವರಿಗೆ ಆ ಗಾದೆ ಮತ್ತೆ ಎಂದೂ ಮೊದಲಿನಂತೆ ಕೇಳಿಸುವುದಿಲ್ಲ.

ಇಂಥ ಜೋಡಿಗಳು ಕನ್ನಡದಲ್ಲಿ ಇಷ್ಟೊಂದು ಇರುವುದಕ್ಕೆ ಭಾಷೆಯ ಚರಿತ್ರೆಯಲ್ಲೂ ಒಂದು ಕಾರಣವಿದೆ. ಹಳಗನ್ನಡದಲ್ಲಿ ರಕಾರದ ಜೊತೆಗೆ ‘ಱ’ ಎಂಬ ಶಕಟರೇಫವೂ, ಳಕಾರದ ಜೊತೆಗೆ ‘ೞ’ ಎಂಬ ರಳವೂ ಇದ್ದವು. ಆಗ ಕೂಗುವುದು ‘ಕರೆ’, ಹಾಲು ಹಿಂಡುವುದು ‘ಕಱೆ’. ಬದುಕುವುದು ‘ಬಾೞ್’, ಕತ್ತಿ ‘ಬಾಳ್’. ಕಾಲಕ್ರಮದಲ್ಲಿ ಈ ಎರಡು ಅಕ್ಷರಗಳು ಬಳಕೆಯಿಂದ ಮರೆಯಾಗಿ, ಬೇರೆ ಬೇರೆಯಾಗಿದ್ದ ಪದಗಳು ಒಂದೇ ಉಡುಪು ತೊಟ್ಟವು. ಹಸುವನ್ನು ಕರೆದು ಹಾಲು ಕರೆಯುವ ಇಂದಿನ ಸೊಗಸು ಬಂದದ್ದು ಹಾಗೆ.

ಅಲರ್‌ನ ಇನ್ನೊಂದು ಹಿರಿಮೆ ಅದರ ಪರವಾನಗಿ. ಇಡೀ ಪದಕೋಶವನ್ನು ಓಡಿಬಿಎಲ್ ಎಂಬ ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟಿರುವುದರಿಂದ, ಮೂಲವನ್ನು ಹೆಸರಿಸಿ ಯಾರು ಬೇಕಾದರೂ ಅದನ್ನು ಇಳಿಸಿಕೊಂಡು ಬಳಸಬಹುದು. ಅದರಿಂದ ಬೇರೊಂದು ಪದಕೋಶ ಕಟ್ಟಿ ಹಂಚುವವರು ಅದನ್ನೂ ಹಾಗೆಯೇ ಮುಕ್ತವಾಗಿಡಬೇಕು. ಒಬ್ಬ ವ್ಯಕ್ತಿಯ ಜೀವಮಾನದ ದುಡಿಮೆ ಹೀಗೆ ಎಲ್ಲರ ಸ್ವತ್ತಾಗುವುದು ನಮ್ಮಲ್ಲಿ ಅಪರೂಪ, ಅದಕ್ಕಾಗಿ ಕೃಷ್ಣ ಅವರಿಗೆ ಕನ್ನಡಿಗರೆಲ್ಲರೂ ಋಣಿಗಳು. ಪದಬಂಧ ರಚಿಸುವವರಿಗೂ ಪದದಾಟಗಳನ್ನು ಹೆಣೆಯುವವರಿಗೂ ಈ ಪದರಾಶಿ ನೇರವಾಗಿ ಒದಗುತ್ತದೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗುವ ಪದಗಳನ್ನು ಹೆಕ್ಕಬೇಕೆನ್ನೋಣ. ಕನಕ, ನಯನ, ಜಲಜ ಇವನ್ನು ಗಣಕ ಕ್ಷಣದಲ್ಲಿ ಆರಿಸಿ ಕೊಡುತ್ತದೆ. ಆದರೆ ಮಕ್ಕಳಿಗೂ ಗೊತ್ತಿರುವ ‘ಕಿಟಕಿ’ಯನ್ನು ಅದು ತಳ್ಳಿಹಾಕುತ್ತದೆ. ಗಣಕದಲ್ಲಿ ಲಿಪಿಗಳಿಗೆ ಸಂಕೇತ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ‘ಕಿ’ ಎಂಬುದು ಒಂದು ಸಂಕೇತವಲ್ಲ. ಕಕಾರ ಒಂದು, ಗುಡಿಸು ಇನ್ನೊಂದು. ಐದು ಸಂಕೇತಗಳ ಕಿಟಕಿಯನ್ನು ಗಣಕ ಹಿಂದುಮುಂದಾಗಿಸಿದರೆ ಗುಡಿಸು ಮೊದಲಿಗೆ ಬಂದು ಪದವೇ ಕೆಟ್ಟುಹೋಗುತ್ತದೆ. ‘ಸಮಾಸ’ಕ್ಕೂ ‘ವಿಕಟಕವಿ’ಗೂ ಇದೇ ಗತಿ. ಸಂಕೇತಗಳನ್ನು ಬಿಟ್ಟು ಅಕ್ಷರಗಳನ್ನು ಎಣಿಸುವಂತೆ ಮೊದಲು ಹೇಳಿಕೊಡಬೇಕು. ಪದಬಂಧದ ಮನೆಗಳಲ್ಲೂ ಹೀಗೆಯೇ ಅಲ್ಲವೇ? ‘ರಾಷ್ಟ್ರ’ಕ್ಕೆ ಎರಡೇ ಮನೆ; ‘ಷ್ಟ್ರ’ದಲ್ಲಿ ಎಷ್ಟು ಒತ್ತಕ್ಷರಗಳಿದ್ದರೂ ಅದು ಒಂದೇ ಮನೆಯ ಸಂಸಾರ.

ಕೊರತೆಗಳನ್ನೂ ಹೇಳಬೇಕು. ಇದು ಕನ್ನಡದಿಂದ ಇಂಗ್ಲಿಷಿಗೆ ಹೋಗುವ ನಿಘಂಟು. ಒಂದು ಕನ್ನಡ ಪದಕ್ಕೆ ಇನ್ನೊಂದು ಕನ್ನಡ ಪದವನ್ನು ಹುಡುಕುವ ತಿದ್ದುಗಾರರು ಇಂಗ್ಲಿಷಿನ ದಾರಿಯಲ್ಲಿ ಸುತ್ತಿ ಬರಬೇಕು. ವಿಭಕ್ತಿ ಪ್ರತ್ಯಯಗಳೂ ಸಂಧಿಗಳೂ ಸೇರಿ ಉದ್ದವಾದ ಪದವನ್ನು ಮೂಲರೂಪಕ್ಕೆ ತಂದು ಹುಡುಕಿದರೆ ಕೆಲಸ ಬೇಗ ಆಗುತ್ತದೆ, ಆದ್ದರಿಂದ ಅಷ್ಟು ವ್ಯಾಕರಣವನ್ನು ನಾವೇ ತರಬೇಕು. ಒಂದು ಪದವನ್ನು ಕವಿಗಳೂ ಶಾಸನಗಳೂ ಹೇಗೆ ಬಳಸಿವೆ ಎಂದು ನೋಡಲು, ಜಿ. ವೆಂಕಟಸುಬ್ಬಯ್ಯನವರು ಪ್ರಧಾನ ಸಂಪಾದಕರಾಗಿದ್ದ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿಗೆ ಸಾಟಿಯಿಲ್ಲ. ಪದದ ಬೇರು ಹುಡುಕುವವರಿಗೆ 1894ರಲ್ಲಿ ಮಂಗಳೂರಿನಿಂದ ಹೊರಬಂದ ಕಿಟ್ಟೆಲ್ಲರ ನಿಘಂಟು ಇಂದಿಗೂ ಬೇಕು. ನನ್ನ ಕ್ರಮವೆಂದರೆ ಮೊದಲು ಅಲರ್. ಅಲ್ಲಿ ಅನುಮಾನ ಉಳಿದರೆ ಪರಿಷತ್ತಿನ ಸಂಪುಟಗಳು. ಪುಟ ಅಚ್ಚಿಗೆ ಹೋಗಲು ಹೊತ್ತಾಗಿರುವಾಗ ಆ ಸಂಪುಟಗಳನ್ನು ಕಪಾಟಿನಿಂದ ಇಳಿಸುವ ಪ್ರಮೇಯ ಈಗ ಕಡಿಮೆಯಾಗಿದೆ.

ಅಲರ್‌ನ ಪದರಾಶಿಯಿಂದ ನಾನು ಬಯಸುವ ಹೊಸ ಸೌಲಭ್ಯವೊಂದಿದೆ. ಕನ್ನಡ ಕಾವ್ಯದ ಆದಿಪ್ರಾಸ ನಿಲ್ಲುವುದು ಎರಡನೆಯ ಅಕ್ಷರದ ಮೇಲೆ, ಅದರ ಹಿಂದಿನ ಅಕ್ಷರದ ಗುರುಲಘುವೂ ಹೊಂದಬೇಕು. ‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎಂಬಲ್ಲಿ ವೇದಕ್ಕೂ ಗಾದೆಗೂ ಇರುವ ನಂಟು ಅದೇ: ಎರಡರಲ್ಲೂ ಮೊದಲು ಗುರು, ಆಮೇಲೆ ದಕಾರ. ಮೊದಲ ಅಕ್ಷರದಿಂದ ಪದಗಳನ್ನು ಜೋಡಿಸುವ ಅಕಾರಾದಿ ಕ್ರಮದಲ್ಲಿ ಇಂಥ ಜೋಡಿಗಳು ದೂರ ದೂರ ಬೀಳುತ್ತವೆ. ಎರಡನೆಯ ಅಕ್ಷರವನ್ನು ಹಿಡಿದು, ಗುರುಲಘು ನೋಡಿ ಪದಗಳನ್ನು ಗುಂಪು ಮಾಡಿಕೊಡುವ ಒಂದು ಪ್ರಾಸಕೋಶವಿದ್ದರೆ ತಲೆಬರಹ ಬರೆಯುವವರು, ಜಾಹೀರಾತು ಬರೆಯುವವರು, ಚುಟುಕು ಕವಿಗಳು ಎಲ್ಲರೂ ಅದಕ್ಕೆ ಮುಗಿಬೀಳುತ್ತಾರೆ. ಪದಗಳು ಮುಕ್ತವಾಗಿ ಸಿಗುತ್ತಿವೆ, ಅನುಮತಿ ಕೇಳುವ ಅಗತ್ಯವೂ ಇಲ್ಲ. ಪ್ರೋಗ್ರಾಮಿಂಗ್ ಬಲ್ಲ ಕನ್ನಡಿಗರು ಯಾರಾದರೂ ಇದನ್ನು ಕೈಗೆತ್ತಿಕೊಂಡರೆ ಕರಡು ತಿದ್ದಿಕೊಡುವ ಹೊಣೆಯನ್ನು ನಾನು ಸಂತೋಷದಿಂದ ಹೊರುತ್ತೇನೆ.