ಫೈಲಿಗೆ ಕ್ಯೂಆರ್ ಸ್ಟಿಕರ್, ಕೈಯಲ್ಲಿ ಫೋನು: ಸಯನ್‌ನ ನಮ್ಮ ಹೋಟೆಲಲ್ಲಿ ನಾಲ್ಕು ವರ್ಷ

ಮುಂಬಯಿಯ ಸಯನ್‌ನಲ್ಲಿ ನಮ್ದೊಂದು ಸಣ್ಣ ಉಡುಪಿ ಹೋಟೆಲು. ಹೋಟೆಲಿನ ಎಲ್ಲ ಕಾಗದಪತ್ರಕ್ಕೆ ಕ್ಯೂಆರ್ ಸ್ಟಿಕರ್ ಅಂಟಿಸಿ, ಫೋನ್ ಹಿಡಿದ್ರೆ ಅದರ ಕಾಪಿ, ತಾರೀಕು, ಮುಂದೆ ಯಾವಾಗ ರಿನ್ಯೂ ಮಾಡ್ಬೇಕು ಅನ್ನುದೆಲ್ಲ ಸಿಗುವ ಹಾಗೆ ಮಾಡಿಕೊಂಡು ನಾಲ್ಕು ವರ್ಷ ದಾಟಿತು. ಒಂದು ವಾರ ಬಳಸಿ ಐದು ಸ್ಟಾರ್ ಕೊಡುವವರು ಬೇಕಾದಷ್ಟು ಜನ ಇದ್ದಾರೆ, ಆದ್ರೆ ಇಂಥದ್ದರ ನಿಜ ಗೊತ್ತಾಗ್ಲಿಕ್ಕೆ ಮುಂಬಯಿಯ ಎರಡು ಮಳೆಗಾಲ ಆದ್ರೂ ಕಳೀಬೇಕು, ಅದಕ್ಕೇ ಈಗ ಬರೀತಾ ಇದ್ದೇನೆ.

ನಮಗೆ ಇದು ಯಾಕೆ ಬೇಕಾಯ್ತು ಅಂದ್ರೆ 2005ರ ಜುಲೈ 26. ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಬಿದ್ದ ದಿನ ಅದು. ನಮ್ಮ ಹೋಟೆಲೊಳಗೆ ಸೊಂಟದವರೆಗೆ ನೀರು, ಗಲ್ಲಾದ ಕೆಳಗಿನ ಡ್ರಾಯರಲ್ಲಿದ್ದ ಲೆಕ್ಕದ ಪುಸ್ತಕ, ಲೈಸೆನ್ಸು, ಬಿಲ್ಲು ಎಲ್ಲ ನೆನೆದು ಮುದ್ದೆ. ನೀರಿಳಿದ ಮೇಲೆ ಅಪ್ಪ ಒಂದೊಂದೇ ಹಾಳೆ ಬಿಡಿಸಿ ದೋಸೆ ಕಾವಲಿಯ ಪಕ್ಕ ಹರಡಿ ಮೂರು ದಿನ ಒಣಗಿಸಿದ್ರು. ಹಾಳೆ ಒಣಗಿತು, ಶಾಯಿಯಲ್ಲಿ ಬರೆದದ್ದು ಒಂದಕ್ಷರ ಉಳೀಲಿಲ್ಲ. ಅವತ್ತು ಅಪ್ಪನ ಮುಖ ನೋಡಿದ್ದು ನನಗೆ ಈಗಲೂ ಮರೆತಿಲ್ಲ.

ದಾರಿ ಹೊಳೆದದ್ದು ಮಾತ್ರ 2020ರ ಡಿಸೆಂಬರಲ್ಲಿ, ಹೋಟೆಲು ಅರ್ಧ ಸೀಟಲ್ಲಿ ನಡೀತಿದ್ದ ಟೈಮು. ಸೊಲ್ಲಾಪುರ ಜಿಲ್ಲೆಯ ಪರಿತೇವಾಡಿಯ ಜಿಲ್ಲಾ ಪರಿಷತ್ ಶಾಲೆಯ ಮಾಸ್ತರು ರಣಜಿತ್‌ಸಿಂಹ ಡಿಸಲೆ ಅವರಿಗೆ 10 ಲಕ್ಷ ಡಾಲರಿನ ಗ್ಲೋಬಲ್ ಟೀಚರ್ ಪ್ರೈಜ್ ಬಂತು ಅಂತ ನ್ಯೂಸಲ್ಲಿ ನೋಡಿದೆ. ಅಲ್ಲಿಯ ಮಕ್ಕಳ ಮನೆಮಾತು ಕನ್ನಡ, ಪಾಠಪುಸ್ತಕ ಆ ಭಾಷೆಯಲ್ಲಿ ಇಲ್ಲ, ಹಾಗಾಗಿ ಇವರೇ ಕನ್ನಡ ಕಲಿತು ಪಾಠವನ್ನು ಮಕ್ಕಳ ಭಾಷೆಗೆ ತಂದು ಪುಸ್ತಕಕ್ಕೆ ಕ್ಯೂಆರ್ ಕೋಡ್ ಹಾಕಿದ್ರಂತೆ, ಫೋನ್ ಹಿಡಿದ್ರೆ ಪದ್ಯ ಕೇಳ್ತದೆ, ಪಾಠದ ವಿಡಿಯೋ ಬರ್ತದೆ. ಪ್ರೈಜಿನ ಅರ್ಧ ದುಡ್ಡನ್ನು ಫೈನಲ್‌ಗೆ ಬಂದಿದ್ದ ಉಳಿದ 9 ಮಂದಿಗೆ ಹಂಚಿದ್ರು ಅಂತ ಕೇಳಿ ಮನೆಯಲ್ಲಿ ಎಲ್ಲರಿಗೂ ಕಣ್ಣು ತುಂಬಿ ಬಂತು. ಪುಸ್ತಕದ ಹಾಳೆ ಮಾತಾಡ್ತದೆ ಅಂದ್ರೆ ನಮ್ಮ ಬಿಲ್ಲಿನ ಫೈಲು ಯಾಕೆ ಮಾತಾಡ್ಬಾರ್ದು ಅಂತ ಮರುದಿನವೇ ಕೂತೆ.

ಮೊದಲನೇ ವರ್ಷ ಒಂದು ಕಂಪನಿಯ ಪೇಯ್ಡ್ ಸರ್ವಿಸ್ ತಗೊಂಡೆ, ಹೆಸರು ಬೇಡ. ಅವರದ್ದು ಡೈನಾಮಿಕ್ ಕೋಡು, ಅಂದ್ರೆ ಸ್ಟಿಕರಿನ ಒಳಗೆ ಇರುದು ನಮ್ಮ ಫೈಲಿನ ವಿಳಾಸ ಅಲ್ಲ, ಕಂಪನಿಯ ಒಂದು ಚಿಕ್ಕ ಲಿಂಕು, ಅದು ಅವರ ಸರ್ವರಿಗೆ ಹೋಗಿ ಅಲ್ಲಿಂದ ನಾವು ಸ್ಕ್ಯಾನ್ ಕಾಪಿ ಇಟ್ಟ ಆನ್ಲೈನ್ ಡ್ರೈವಿಗೆ ಬರ್ತದೆ. ಮುನ್ನೂರಕ್ಕೂ ಜಾಸ್ತಿ ಸ್ಟಿಕರ್ ಅಂಟಿಸಿ ಆಗಿತ್ತು. ವರ್ಷ ಮುಗಿದಾಗ ಆಟೋಪೇ ಆಗ್ಲಿಲ್ಲ, ನನಗೆ ಗೊತ್ತೂ ಆಗ್ಲಿಲ್ಲ. ಒಂದಿನ ಬೆಳಿಗ್ಗೆ ಹನ್ನೊಂದಕ್ಕೆ ತಪಾಸಣೆಗೆ ಬಂದವರು ಪೆಸ್ಟ್ ಕಂಟ್ರೋಲ್ ರಸೀದಿ, ನೀರಿನ ಟೆಸ್ಟ್ ರಿಪೋರ್ಟು, ಕೆಲಸದವರ ಮೆಡಿಕಲ್ ಸರ್ಟಿಫಿಕೇಟು ಕೇಳಿದ್ರು. ಸ್ಕ್ಯಾನ್ ಮಾಡಿದ್ರೆ ‘ಪ್ಲಾನ್ ಮುಗಿದಿದೆ’ ಅಂತ ಒಂದು ಪೇಜು. ಎಲ್ಲ ಸ್ಟಿಕರೂ ಅದೇ ಪೇಜು. ಕಾಗದ ಕಪಾಟಲ್ಲೇ ಇತ್ತು, ಆದ್ರೆ ಸ್ಟಿಕರ್ ನಂಬಿ ಫೈಲುಗಳ ಹಳೇ ಕ್ರಮ ಬಿಟ್ಟಿದ್ದೆವಲ್ಲ, ಹುಡುಕ್ಲಿಕ್ಕೆ ಮುಕ್ಕಾಲು ಗಂಟೆ ಹೋಯ್ತು. ಭಟ್ರು ಅಡುಗೆ ಬಿಟ್ಟು ಬಂದು ಹುಡುಕಿದ್ರು.

ಆವತ್ತೇ ತೀರ್ಮಾನ ಮಾಡಿದೆ, ಸ್ಟಿಕರಿನ ಒಳಗೆ ಲಿಂಕ್ ಇಡುದೇ ಬೇಡ. ಈಗ ಅದರಲ್ಲಿ ಇರುದು ಬರೀ ಒಂದು ನಂಬರು: ಒಂದು ಅಕ್ಷರ, ವರ್ಷ, ಮೂರಂಕಿ, ನಡುವೆ ಎರಡು ಗೀಟು. ಬಿ-2023-014 ಅಂದ್ರೆ 2023ರ ಹದಿನಾಲ್ಕನೇ ಬಿಲ್ ಫೈಲು. ಅದೇ ನಂಬರು ಕೆಳಗೆ ದಪ್ಪಕ್ಷರದಲ್ಲಿ ಪ್ರಿಂಟ್ ಇರ್ತದೆ, ಫೋನ್ ಇಲ್ಲದಿದ್ರೂ ಕಣ್ಣಲ್ಲಿ ಓದ್ಬಹುದು. ನಂಬರಿಗೂ ಸ್ಕ್ಯಾನ್ ಕಾಪಿಗೂ ಕೊಂಡಿ ಇರುದು ನಮ್ಮದೇ ಒಂದು ಶೀಟಲ್ಲಿ, ನಾಳೆ ಡ್ರೈವ್ ಬದಲಿಸಿದ್ರೂ ಶೀಟ್ ತಿದ್ದಿದ್ರೆ ಸಾಕು, ಸ್ಟಿಕರ್ ಕೀಳ್ಬೇಕಾಗಿಲ್ಲ. ಇನ್ನೊಂದು ಲಾಭ ಉಂಟು. ಕ್ಯೂಆರಲ್ಲಿ ಕೋಡು ಎಷ್ಟು ಹಾಳಾದ್ರೂ ಓದ್ಬೇಕು ಅಂತ ಆರಿಸ್ಲಿಕ್ಕೆ ಲೆವೆಲ್ ಉಂಟು, ಎಚ್ ಅನ್ನುವ ಲೆವೆಲ್ ಇಟ್ರೆ ಸುಮಾರು 30 ಪರ್ಸೆಂಟ್ ಹಾಳಾದ್ರೂ ಓದ್ತದೆ, ಮತ್ತೆ ಕ್ಯಾಪಿಟಲ್ ಅಕ್ಷರ, ಅಂಕಿ ಸೇರಿ 10 ಇದ್ರೆ ಆ ಲೆವೆಲಲ್ಲೂ ಅತಿ ಚಿಕ್ಕ ಕೋಡು, ಅಂದ್ರೆ 21ಕ್ಕೆ 21 ಚೌಕದ್ದು ಸಾಕಾಗ್ತದೆ. ಚೌಕ ದೊಡ್ಡದಿರ್ತದೆ, ಹಳೇ ಫೋನೂ ತಟ್ಟನೆ ಹಿಡೀತದೆ. 1994ರಲ್ಲಿ ಜಪಾನಿನ ಡೆನ್ಸೋ ವೇವ್ ಕಂಪನಿ ಇದನ್ನು ಮಾಡಿದ್ದೇ ಕಾರಿನ ಬಿಡಿಭಾಗದ ಲೆಕ್ಕ ಇಡ್ಲಿಕ್ಕೆ, ಫ್ಯಾಕ್ಟರಿಯ ಎಣ್ಣೆ ಕೊಳೆ ನೋಡಿಕೊಂಡೇ ಮಾಡಿದ್ದು. ನಮ್ಮ ಮಸಾಲೆ ಸಪ್ಲೈಯರ್ ಫೈಲಿನ ಸ್ಟಿಕರಿನ ಒಂದು ಮೂಲೆಯಲ್ಲಿ ತೆಂಗಿನೆಣ್ಣೆ ಕಲೆ, ಅರಿಶಿನದ ಹೆಬ್ಬೆರಳ ಗುರುತು ಎರಡೂ ಉಂಟು, ಇವತ್ತೂ ಸ್ಕ್ಯಾನ್ ಆಗ್ತದೆ.

ಸ್ಟಿಕರ್ ಯಾವುದರಲ್ಲಿ ಪ್ರಿಂಟ್ ಮಾಡ್ತೀರಿ ಅನ್ನುದು ತುಂಬ ಮುಖ್ಯ ಮಾರಾಯ್ರೆ. ಚಿಕ್ಕ ಥರ್ಮಲ್ ಪ್ರಿಂಟರ್ ಸಸ್ತಾ ಅಂತ ಮೊದಲು ಅದರಲ್ಲೇ ಮಾಡಿದ್ದು, ಕಿಚನ್ ಗೋಡೆಗೆ ತಾಗಿದ ರ‍್ಯಾಕಿನಲ್ಲಿದ್ದವು ಒಂದೇ ಬೇಸಿಗೆಗೆ ಕಪ್ಪಾದವು, ಕಿಟಕಿ ಹತ್ತಿರದ್ದು ಬಿಳಿಚಿಕೊಂಡವು. ಥರ್ಮಲ್ ಕಾಗದಕ್ಕೆ ಶಾಯಿಯೇ ಇಲ್ಲ, ಬಿಸಿಗೇ ಬಣ್ಣ ಬರುದು, ಹಾಗಾಗಿ ಬಿಸಿಗೇ ಹಾಳಾಗುದು. ಈಗ ಲೇಸರ್ ಪ್ರಿಂಟು, ಮೇಲೆ ಅಗಲದ ಸೆಲೋಟೇಪು. ಇದೇ ಮಾತು ಸಪ್ಲೈಯರ್ ಕೊಡುವ ಬಿಲ್ಲಿಗೂ. ಜಿಎಸ್‌ಟಿ ಲೆಕ್ಕದ ಕಾಗದ ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ಇಡ್ಬೇಕು, ಥರ್ಮಲ್ ಬಿಲ್ಲು ನಮ್ಮಲ್ಲಿ ಎರಡು ವರ್ಷಕ್ಕೇ ಖಾಲಿ ಹಾಳೆ. ಹಾಗಾಗಿ ಬಿಲ್ ಬಂದ ದಿನವೇ ಫೋಟೋ, ನಂಬರು, ಆಮೇಲೆ ಫೈಲು. ಸಂಜೆ ಮಾಡುವ ಅಂತ ಇಟ್ಟ ಬಿಲ್ಲು ಯಾವತ್ತೂ ಸೇರುದಿಲ್ಲ, ಇದು ನಾಲ್ಕು ವರ್ಷದ ಅನುಭವ.

ಎನ್‌ಎಫ್‌ಸಿ ಸ್ಟಿಕರೂ ನೋಡಿದೆ, ಫೋನ್ ಮುಟ್ಟಿಸಿದ್ರೆ ಸಾಕು ಅನ್ನುದು ಹೌದು, ಆದ್ರೆ ಸ್ಟೀಲ್ ಕಪಾಟಿಗೆ ಅಂಟಿಸಿದ್ರೆ ಕೆಲಸ ಮಾಡುದಿಲ್ಲ, ಅದಕ್ಕೆ ಲೋಹದ ಮೇಲೆ ನಡೆಯುವ ಬೇರೆ ಜಾತಿಯದ್ದು ಬೇಕು, ನಮ್ಮ ಹುಡುಗರ ಫೋನಲ್ಲಿ ಎನ್‌ಎಫ್‌ಸಿಯೇ ಇಲ್ಲ. ಬಿಟ್ಟೆ.

ಒಂದು ವಿಷಯದಲ್ಲಿ ತುಂಬ ಹುಷಾರಿರಿ. ಶುರುವಿನಲ್ಲಿ ಡ್ರೈವಿನ ಫೋಲ್ಡರನ್ನು ‘ಲಿಂಕ್ ಇದ್ದವರೆಲ್ಲ ನೋಡಬಹುದು’ ಅಂತ ಇಟ್ಟಿದ್ದೆ. ನಮ್ಮ ಹುಡುಗರ ಆಧಾರ್ ಕಾಪಿ, ರಕ್ತಪರೀಕ್ಷೆ ರಿಪೋರ್ಟು ಎಲ್ಲ ಅದರಲ್ಲಿತ್ತು, ಹಾಲಿನವನು ಬಂದು ಸ್ಟಿಕರಿಗೆ ಫೋನ್ ಹಿಡಿದ್ರೂ ಕಾಣ್ತಿತ್ತು. ನಮ್ಮನ್ನು ನಂಬಿ ಊರು ಬಿಟ್ಟು ಬಂದ ಹುಡುಗರು ಅವರು. ಗೊತ್ತಾದ ರಾತ್ರಿಯೇ ಎಲ್ಲ ಬಂದ್ ಮಾಡಿದೆ, ಈಗ ನನ್ನ ಮತ್ತು ಹೆಂಡತಿಯ ಅಕೌಂಟಿಗೆ ಮಾತ್ರ ತೆರೀತದೆ.

ಒಟ್ಟು ಐದಕ್ಕೆ ನಾಲ್ಕು ಕೊಡ್ತೇನೆ. ಒಂದು ಕಡಿಮೆ ಮಾಡಿದ್ದು ಕನ್ನಡ ಕೈಬರಹಕ್ಕೆ. ಪ್ರಿಂಟಾದ ಕನ್ನಡವನ್ನು ಗೂಗಲ್ ಲೆನ್ಸ್ ಚೆನ್ನಾಗಿ ಓದ್ತದೆ, ಆದ್ರೆ ಅಪ್ಪನ ಕೂಡಕ್ಷರದ ಲೆಕ್ಕ ಅದಕ್ಕೆ ಹಿಡೀಲಿಲ್ಲ. 2005ರ ನೀರಿನ ನಂತರ ಅವರು ಹೊಸದಾಗಿ ಶುರು ಮಾಡಿದ ಹನ್ನೊಂದು ಪುಸ್ತಕ ಉಂಟು. ಈಗ ಮಧ್ಯಾಹ್ನ ಗಿರಾಕಿ ಕಮ್ಮಿಯಾದ ಮೇಲೆ ಅಪ್ಪ ಪುಟ ತಿರುವಿ ಒಂದೊಂದೇ ಸಾಲು ಓದ್ತಾರೆ, ನಾನು ಫೋನಿನ ಕನ್ನಡ ವಾಯ್ಸ್ ಟೈಪಿಂಗ್ ಆನ್ ಮಾಡಿ ಅವರ ಬಾಯಿಯ ಹತ್ತಿರ ಹಿಡೀತೇನೆ. ನಾಲ್ಕನೇ ಪುಸ್ತಕ ನಡೀತಾ ಉಂಟು.