ಸುಡಾನ್ ವಿಷಯದಲ್ಲಿ ಯಾವುದು ಸರಿ: ಕಾಯಿಸುವುದಾ, ಮೊದಲೇ ಕೈ ಹಿಡಿಯುವುದಾ?

ಸರ್ವಾಧಿಕಾರಿ ಇಳಿದ ದೇಶಕ್ಕೆ ಹೊರಗಿನವರು ಷರತ್ತು ಹಾಕಿ ಕಾಯಿಸಬಹುದು, ಇಲ್ಲವೇ ಮೊದಲೇ ನೆರವು ಕೊಡಬಹುದು. ನೀವು ಯಾವ ಕಡೆ?

ಅಮೆರಿಕ ಕಾಯಿಸಿತು. 2018ರ ಕೊನೆಗೆ ಬ್ರೆಡ್ ಬೆಲೆ ಏರಿದ್ದಕ್ಕೆ ಸುಡಾನಿನ ಅತ್ಬರಾ ಊರಿನ ಜನ ಬೀದಿಗಿಳಿದರು, 2019ರ ಏಪ್ರಿಲ್‌ನಲ್ಲಿ ಸರ್ವಾಧಿಕಾರಿ ಬಷೀರ್ ಇಳಿದರು, ಆಗಸ್ಟ್‌ನಲ್ಲಿ ಹಮ್ದೋಕ್ ಪ್ರಧಾನಿಯಾದರು. ಆದರೆ 1993ರಲ್ಲಿ ಅಮೆರಿಕ ಸೇರಿಸಿದ್ದ, ಭಯೋತ್ಪಾದನೆಗೆ ಬೆಂಬಲ ಕೊಡುವ ದೇಶಗಳ ಪಟ್ಟಿಯಿಂದ ಸುಡಾನ್ ಹೆಸರು ತೆಗೆದದ್ದು 2020ರ ಡಿಸೆಂಬರ್‌ನಲ್ಲಿ, ಅದೂ ಅಷ್ಟು ಬಡ ದೇಶ 33.5 ಕೋಟಿ ಡಾಲರ್ ಪರಿಹಾರ ಕೊಡಲು ಒಪ್ಪಿದ ಮೇಲೆ. ಸುಡಾನ್ ನೆರವಾಗಿತ್ತೆಂದು ಅಮೆರಿಕ ದೂರಿದ್ದ ಅಲ್ ಖೈದಾ ದಾಳಿಗಳಲ್ಲಿ ಮನೆಯವರನ್ನು ಕಳೆದುಕೊಂಡವರಿಗೆ ಆ ಹಣ ನ್ಯಾಯವೇ. ಆದರೆ ಹೊಸ ಸರ್ಕಾರದ 16 ತಿಂಗಳು ಅದರಲ್ಲೇ ಹೋಯಿತು, ರಾಜಧಾನಿ ಖಾರ್ತೂಮ್‌ನಲ್ಲಿ ಬ್ರೆಡ್ಡಿಗೆ, ಪೆಟ್ರೋಲಿಗೆ ಜನ ಕ್ಯೂ ನಿಂತೇ ಇದ್ದರು.

ಮೊದಲೇ ಕೊಟ್ಟರೆ ಹಣ ಸೇನೆಯ ಕೈ ಸೇರುವ ಭಯ ಇದೆ. ಸುಮ್ನೆ ಹೇಳ್ತಿಲ್ಲ, ಅಲ್ಲಿ ಸೇನೆಯದೇ ಕಂಪನಿಗಳು ಬೇಕಾದಷ್ಟಿವೆ.

2021ರ ಅಕ್ಟೋಬರ್ 25ರಂದು ಸೇನಾ ಮುಖ್ಯಸ್ಥ ಬುರ್ಹಾನ್ ಅಧಿಕಾರ ಕಿತ್ತುಕೊಂಡಾಗ ಅಮೆರಿಕ 70 ಕೋಟಿ ಡಾಲರ್ ನೆರವು ತಡೆಯಿತು. ವಿಶ್ವಬ್ಯಾಂಕ್ ಕೂಡ ಹಣ ನಿಲ್ಲಿಸಿತು. ಸೇನೆ ಜಗ್ಗಲಿಲ್ಲ.

ನನ್ನ ಆಯ್ಕೆ ಮೊದಲೇ ಕೈ ಹಿಡಿಯುವುದು. ಹಣ ನೇರ ಬಡ ಮನೆಗಳಿಗೆ ಹೋಗಲಿ, ಬಿಗಿ ಮಾಡುವುದಿದ್ದರೆ ಜನರಲ್‌ಗಳ ಕಂಪನಿಗಳ ಮೇಲೆ ಮಾಡಲಿ. ದೂರದ ಮಾತು ಅನ್ನಬೇಡಿ: 2023ರ ಏಪ್ರಿಲ್‌ನಲ್ಲಿ ಅಲ್ಲಿ ಯುದ್ಧ ಶುರುವಾದಾಗ, ಗಿಡಮೂಲಿಕೆ ಮಾರಲು ಹೋಗಿದ್ದ ನಮ್ಮ ಹಕ್ಕಿಪಿಕ್ಕಿ ಜನ ಗುಂಡಿನ ಸದ್ದಿನ ನಡುವೆ ಸಿಕ್ಕಿಹಾಕಿಕೊಂಡಿದ್ದರು.